ಕೋರ್ಟಿಗೆ ಮೊದಲ ಮನೋವೈದ್ಯಕೀಯ ವರದಿ: ಅನುಭವ ಇದ್ದವರು ಹೇಳಿ

ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಮನೋವೈದ್ಯೆ ನಾನು. ಹಲ್ಲೆ ಕೇಸಿನ ಆರೋಪಿಯೊಬ್ಬರನ್ನು ಪರಪ್ಪನ ಅಗ್ರಹಾರದಿಂದ ಕರೆತರುತ್ತಾರಂತೆ, ಪರೀಕ್ಷಿಸಿ ವರದಿ ಕೊಡಬೇಕು. ಇಂಥದ್ದು ಮೊದಲ ಸಲ. ಎಲ್ಲಿಂದ ಶುರು ಮಾಡಲಿ? ಏನು ಬರೆಯಬಾರದು?

ಹಿರಿಯ ಮನೋವೈದ್ಯರೊಬ್ಬರು:
ಮೊದಲು ಕೋರ್ಟಿನ ಪತ್ರವನ್ನು ಇನ್ನೊಮ್ಮೆ ಓದಿ ಮೇಡಂ. ಆರೋಪಿ ಈಗ ವಿಚಾರಣೆ ಎದುರಿಸಬಲ್ಲರಾ ಅನ್ನೋದು ಒಂದು ಪ್ರಶ್ನೆ. ಕೃತ್ಯ ನಡೆದಾಗ ಮನಸ್ಸು ಹೇಗಿತ್ತು ಅನ್ನೋದು ಬೇರೆಯೇ ಪ್ರಶ್ನೆ. ಎರಡನ್ನೂ ಕಲಸಿಬಿಟ್ಟ ವರದಿಗಳನ್ನು ಎಷ್ಟೋ ನೋಡಿದ್ದೇನೆ, ಬೇಜಾರಾಗುತ್ತೆ. ಪತ್ರ ಸ್ಪಷ್ಟವಾಗಿಲ್ಲವಾ? ಕೋರ್ಟಿಗೇ ಬರೆದು ಕೇಳಿ, ಸಂಕೋಚ ಬೇಡ.

ಮಾತಿಗೆ ಕೂರುವ ಮುಂಚೆ ಆರೋಪಿಗೆ ಹೇಳಿಬಿಡಿ, ‘ಇದು ಚಿಕಿತ್ಸೆಗಲ್ಲ, ನೀವು ಹೇಳಿದ್ದು ಜಡ್ಜ್ ಮುಂದೆ ಹೋಗುತ್ತೆ’ ಅಂತ. ಹಾಗೆ ಹೇಳಿದಿರಿ ಅನ್ನೋದೂ ವರದಿಯಲ್ಲಿರಲಿ. ಅವರ ಮೈಮೇಲಿನ ಗುರುತಿನ ಚಿಹ್ನೆ, ಜೊತೆಗೆ ಬಂದ ಪೊಲೀಸರ ವಿವರ ಮರೆಯಬೇಡಿ.

ಸುಮ್ನೆ ‘ವಿಚಾರಣೆಗೆ ಫಿಟ್’ ಅಂತ ಬರೆದು ಸಹಿ ಹಾಕಿದರೆ ಯಾರಿಗೂ ಉಪಯೋಗವಿಲ್ಲ. ‘ನಿಮ್ಮ ಮೇಲೆ ಏನು ಆರೋಪ ಇದೆ, ಜಡ್ಜ್ ಏನು ಮಾಡ್ತಾರೆ, ನಿಮ್ಮ ವಕೀಲರಿಗೆ ಏನು ಹೇಳಿದ್ದೀರಿ’ ಅಂತ ಆರೋಪಿಯನ್ನು ಕೇಳಿ. ‘ಜಡ್ಜೂ ಅವರ ಕಡೆಯವರೇ, ಗೋಡೆ ಆಚೆಯಿಂದ ನನ್ನ ಮಾತು ಕೇಳಿಸ್ಕೊಳ್ತಾರೆ’ ಅಂದರೆ, ಆ ಮಾತನ್ನೇ ಬರೆಯಿರಿ. ‘ಭ್ರಮೆ ಇದೆ’ ಅನ್ನೋದು ಆಮೇಲೆ ಬರಲಿ. ಒಂದೇ ಭೇಟಿಯಲ್ಲಿ ಗೊತ್ತಾಗದಿದ್ದರೆ, ವಾರ್ಡಿನಲ್ಲಿಟ್ಟು ಗಮನಿಸಬೇಕು ಅಂತ ಕೋರ್ಟಿಗೆ ತಿಳಿಸಿ. ಅವಸರದಲ್ಲಿ ಅಭಿಪ್ರಾಯ ಕೊಡಬೇಡಿ, ಒಬ್ಬರ ಬದುಕಿನ ಪ್ರಶ್ನೆ ಅಲ್ವಾ.

ಇನ್ನು ಕೃತ್ಯದ ಹೊತ್ತಿನ ಮನಸ್ಥಿತಿ. ಘಟನೆಯ ದಿನ ನಾವ್ಯಾರೂ ಅಲ್ಲಿರಲಿಲ್ಲ. ಹಳೇ ಚಿಕಿತ್ಸೆಯ ಚೀಟಿ, ಮನೆಯವರ ಮಾತು, ಎಫ್‌ಐಆರ್, ಜೈಲು ವೈದ್ಯರ ದಾಖಲೆ, ಯಾವುದರಿಂದ ಏನು ತಿಳಿಯಿತು ಅನ್ನೋದನ್ನು ಬೇರೆಬೇರೆಯಾಗಿ ಬರೆಯಿರಿ. ಏನೂ ಸಿಗದಿದ್ದರೆ ‘ಹೇಳಲು ಆಧಾರ ಸಾಲದು’ ಅಂತಲೂ ಬರೆಯಬಹುದು. ಅದೂ ಉತ್ತರವೇ.

ಕ್ರಿಮಿನಲ್ ವಕೀಲೆಯೊಬ್ಬರು:
ಕಾಯಿಲೆ ಇದೆ ಅಂದಮಾತ್ರಕ್ಕೆ ಬಿಡುಗಡೆ ಆಗಲ್ಲ. ಇದಕ್ಕಿರುವ ಕಾನೂನು ಹಿಂದೆ ಐಪಿಸಿ (ಭಾರತೀಯ ದಂಡ ಸಂಹಿತೆ) ಸೆಕ್ಷನ್ 84 ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 22. ಕಾಯಿಲೆಯಿಂದಾಗಿ ತಾನು ಮಾಡುತ್ತಿರೋದು ಏನು ಅನ್ನೋದು, ಇಲ್ಲವೇ ಅದು ತಪ್ಪು ಅನ್ನೋದು ಆ ಹೊತ್ತಿನಲ್ಲಿ ತಿಳಿಯದ ಸ್ಥಿತಿ ಇತ್ತು ಅಂತ ಆರೋಪಿ ಕಡೆಯವರೇ ತೋರಿಸಬೇಕು. ನೀವು ‘ಇವರು ನಿರ್ದೋಷಿ’ ಅಂತ ಬರೆಯಬೇಡಿ. ಅದು ಜಡ್ಜ್ ಕೆಲಸ. ಪಾಟಿ ಸವಾಲಿನಲ್ಲಿ ಮೊದಲು ಹಿಡಿಯೋದೇ ಆ ಸಾಲನ್ನು.

ಇನ್ನೊಬ್ಬ ವೈದ್ಯರು:
ಸಾಕ್ಷಿ ಹೇಳಲು ಸಮನ್ಸ್ ಬರೋದು ಎಷ್ಟೋ ಸಲ ವರ್ಷಗಳಾದ ಮೇಲೆ. ಅಷ್ಟೊತ್ತಿಗೆ ಆ ಮುಖವೂ ನೆನಪಿರಲ್ಲ. ಕೈಬರಹದ ಟಿಪ್ಪಣಿಗಳನ್ನು, ಕೋರ್ಟ್ ಪತ್ರದ ಪ್ರತಿಯನ್ನು ಒಂದೇ ಫೈಲಿನಲ್ಲಿಟ್ಟು, ಮೇಲೆ ಕೇಸ್ ನಂಬರ್ ಬರೆದಿಡಿ.