ಅಪ್‌ಡೇಟ್: ಮಂಡ್ಯದಿಂದ ಮಂಗಳೂರಿಗೆ ಗಾಳ ಹಾಕೋಕೆ ಹೋಗೋದು ಯಾವಾಗ?

ಯಾವ ಹೊತ್ತು, ಯಾವ ತಿಂಗಳು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನಮ್ಮ ನಾಲೆ, ಕೆರೆ ಲೆಕ್ಕ ಅಲ್ಲಿ ನಡೆಯಲ್ಲ, ಉಬ್ಬರ-ಇಳಿತ ನೋಡಲೇಬೇಕು. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ, ಹಾಗಾಗಿ ಮೊನ್ನೆಯ ಟೈಮ್ ಇವತ್ತು ಉಪಯೋಗಕ್ಕೆ ಬರಲ್ಲ. ನೇತ್ರಾವತಿ ಅಳಿವೆಯಲ್ಲಿ (ಹೊಳೆ ಸಮುದ್ರ ಸೇರೋ ಜಾಗ) ಇಳಿತದ ಮೊದಲ ಎರಡು ಗಂಟೆ ಬಿಡಬೇಡಿ: ಸಿಗಡಿ, ಮರಿಮೀನು ನೀರಿನ ಜೊತೆ ಹೊರಗೆ ಬರುತ್ತೆ, ದೊಡ್ಡ ಮೀನು ಅಳಿವೆ ಬಾಯಲ್ಲೇ ಕಾದಿರ್ತವೆ. ಹೊಳೆಯ ಒಳಗೆ ಹೋದಷ್ಟೂ ನೀರು ತಿರುಗೋದು ತಡ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಸೆಳೆತ ಜಾಸ್ತಿ. ಆಗ ದಾರಕ್ಕೆ ಕಟ್ಟೋ ಸೀಸದ ಗುಂಡು ಹಗುರ ಇದ್ರೆ ತಳದಲ್ಲಿ ನಿಲ್ಲದೆ ಉರುಳಿ ದಾರ ಕಲ್ಲಿಗೆ ಸಿಕ್ಕಿಕೊಳ್ಳುತ್ತೆ. ಕಾಣೆ ಮೀನಿಗೆ ಮರಳು ತಳ, ಸಣ್ಣ ಗಾಳ, ಸಿಪ್ಪೆ ಸುಲಿದ ಸಿಗಡಿ ತುಂಡು.

ಜೂನ್‌ನಿಂದ ಆಗಸ್ಟ್ ಬೇಡವೇ ಬೇಡ. ಹೊಳೆ ಕೆಂಪಾಗಿರುತ್ತೆ, ಕಲ್ಲಿನ ಮೇಲೆ ನಿಂತವರನ್ನ ಅಲೆ ಎಳೆದುಕೊಂಡು ಹೋಗುತ್ತೆ. ನೀರು ತಿಳಿಯಾದ ಮೇಲೆ, ನವೆಂಬರ್ ದಾಟಿ ಹೊರಡಿ.