ಕರಿದ ಸಿಗಡಿಯಲ್ಲಿ ಸತ್ವ ಉಳಿಯುತ್ತಾ? ಅನುಭವ ಇದ್ದವರು ಹೇಳಿ

ಪ್ರಶ್ನೆ:
ನಮ್ಮ ಮನೆಯಲ್ಲಿ ಎಲ್ಲರಿಗೂ ಕರಿದ ಸಿಗಡಿ ಎಂದರೆ ಪ್ರಾಣ. ವಾರಕ್ಕೆ ಎರಡು ಸಲವಾದರೂ ಬಾಣಲೆ ಒಲೆ ಏರುತ್ತದೆ. ಹೋದ ತಿಂಗಳು ನಮ್ಮ ಯಜಮಾನರಿಗೆ ಕೊಲೆಸ್ಟ್ರಾಲ್ ಜಾಸ್ತಿ ಬಂತು. ಅತ್ತೆ "ಸಿಗಡಿ ನಿಲ್ಲಿಸು" ಅಂತಾರೆ. ಮಗಳು "ಅದರಲ್ಲಿ ಪ್ರೋಟೀನ್ ಇದೆ, ತಿನ್ನಲಿ ಬಿಡಿ" ಅಂತಾಳೆ. ಸಿಗಡಿ, ಏಡಿ, ಚಿಪ್ಪು ಇವನ್ನೆಲ್ಲ ಕರಿದ ಮೇಲೂ ಏನಾದರೂ ಸತ್ವ ಉಳಿದಿರುತ್ತಾ, ಇಲ್ಲ ಸುಮ್ನೆ ಎಣ್ಣೆ ತಿಂತಾ ಇದ್ದೀವಾ? ಮುಂದಿನ ವಾರ ಡಾಕ್ಟರ ಹತ್ತಿರ ಹೋಗಬೇಕು. ಅದಕ್ಕೆ ಮೊದಲು ನಿಮ್ಮ ಅನುಭವ ಕೇಳೋಣ ಅಂತ.

ಮನೆತಕ್ಕಡಿ:
ಅಕ್ಕಾ, ನನಗೂ ಇದೇ ಅನುಮಾನ ಇತ್ತು. ತೂಕ ಇಳಿಸಬೇಕು ಅಂತ ಅಡುಗೆಮನೆಗೆ ಒಂದು ಪುಟ್ಟ ತಕ್ಕಡಿ ತಂದಿದ್ದೆ. ಒಂದು ಭಾನುವಾರ ಕರಿಯುವ ಮೊದಲು ಎಣ್ಣೆ ಸಮೇತ ಬಾಣಲೆಯನ್ನೇ ತೂಗಿದೆ. ಅರ್ಧ ಕೆಜಿ ಸಿಗಡಿ, ದಪ್ಪ ಹಿಟ್ಟಿನಲ್ಲಿ ಅದ್ದಿ ಕರಿದಿದ್ದು. ಎಣ್ಣೆ ಆರಿದ ಮೇಲೆ ಮತ್ತೆ ತೂಗಿದರೆ 70 ಗ್ರಾಂ ಕಡಿಮೆ! ಒಂದಿಷ್ಟು ಒಲೆ ಸುತ್ತ ಸಿಡಿದಿರುತ್ತೆ, ಒಪ್ಪುತ್ತೇನೆ. ಮಿಕ್ಕಿದ್ದೆಲ್ಲ ನಮ್ಮ ಹೊಟ್ಟೆಗೇ ಹೋಯ್ತಲ್ವಾ? ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ನೀವೇ ಲೆಕ್ಕ ಹಾಕಿ.

ಆಮೇಲೆ ಪೌಷ್ಟಿಕಾಂಶದ ಪಟ್ಟಿ ತೆಗೆದು ನೋಡಿದೆ. 100 ಗ್ರಾಂ ಬೇಯಿಸಿದ ಸಿಗಡಿಯಲ್ಲಿ ಸುಮಾರು 100 ಕ್ಯಾಲೊರಿ, 24 ಗ್ರಾಂ ಪ್ರೋಟೀನ್, ಕೊಬ್ಬು ಒಂದು ಗ್ರಾಂ ಕೂಡ ಇಲ್ಲ. ಅದೇ 100 ಗ್ರಾಂ ಹಿಟ್ಟು ಹಚ್ಚಿ ಕರಿದಿದ್ದಾದರೆ ಸುಮಾರು 240 ಕ್ಯಾಲೊರಿ, 21 ಗ್ರಾಂ ಪ್ರೋಟೀನ್, 12 ಗ್ರಾಂ ಕೊಬ್ಬು. ಪ್ರೋಟೀನ್ ಎಲ್ಲೂ ಓಡಿಹೋಗಿಲ್ಲ ನೋಡಿ. ತಟ್ಟೆಯಲ್ಲಿ ಹಿಟ್ಟು, ಎಣ್ಣೆ ಕೂಡ ಜಾಗ ಹಿಡಿದಿವೆ, ಅಷ್ಟೇ. ಸಿಗಡಿಯ ತಪ್ಪಲ್ಲ, ಅದಕ್ಕೆ ತೊಡಿಸಿದ ಅಂಗಿ ಎಣ್ಣೆ ಕುಡಿದಿದೆ.

ಆ ಅಂಗಿ ಎಣ್ಣೆ ಕುಡಿಯೋದು ಯಾವಾಗ ಗೊತ್ತಾ? ಬಾಣಲೆಯಲ್ಲಿ ಇದ್ದಾಗ ಹಿಟ್ಟಿನ ನೀರು ಆವಿಯಾಗಿ ಗುಳ್ಳೆ ಗುಳ್ಳೆಯಾಗಿ ಹೊರಗೆ ಬರ್ತಾ ಇರುತ್ತೆ. ಅದು ಎಣ್ಣೆಯನ್ನು ಒಳಗೆ ಬಿಡೋದು ಕಡಿಮೆ. ಹೊರಗೆ ತೆಗೆದ ತಕ್ಷಣ ಆವಿ ತಣ್ಣಗಾಗುತ್ತೆ, ಹಿಟ್ಟಿನ ಸಣ್ಣ ಸಣ್ಣ ತೂತುಗಳು ಮೈಮೇಲೆ ಅಂಟಿದ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತವೆ. ಹೆಚ್ಚಿನ ಎಣ್ಣೆ ಒಳಗೆ ಹೋಗೋದು ಆಗಲೇ. ನಾನು ಮೊದಲು ತೆಗೆದಿದ್ದನ್ನೆಲ್ಲ ಒಂದು ಬೋಗುಣಿಯಲ್ಲಿ ರಾಶಿ ಹಾಕುತ್ತಿದ್ದೆ. ತಳದಲ್ಲಿದ್ದವು ಎಣ್ಣೆಯಲ್ಲೇ ಮುಳುಗಿರುತ್ತಿದ್ದವು, ಥೂ! ಈಗ ಜಾಲರಿ ಸೌಟಿನಲ್ಲಿ ತೆಗೆದು ಬಾಣಲೆ ಅಂಚಿಗೆ ಎರಡು ಸಲ ಕುಟ್ಟಿ, ಬಿಸಿಯಿದ್ದಾಗಲೇ ಕಾಗದದ ಮೇಲೆ ಒಂದೊಂದಾಗಿ ಹರಡುತ್ತೇನೆ. ದಪ್ಪ ಹಿಟ್ಟು ಬಿಟ್ಟು ಒಣ ಹಿಟ್ಟನ್ನು ತೆಳ್ಳಗೆ ಹೊರಳಿಸುತ್ತೇನೆ. ಇನ್ನೊಂದು ಸಲ ತೂಗಿದಾಗ 40 ಗ್ರಾಂ ಮಾತ್ರ ಕಡಿಮೆಯಾಗಿತ್ತು. ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ. ಎಣ್ಣೆ ತಣ್ಣಗಾಗಿ, ಗರಿಗರಿ ಆಗೋಕೆ ಜಾಸ್ತಿ ಹೊತ್ತು ಹಿಡಿಯುತ್ತೆ. 175 ಡಿಗ್ರಿ ಆಸುಪಾಸು ಇದ್ದರೆ ಎರಡು ಮೂರು ನಿಮಿಷ ಸಾಕು.

ಹಳೇ ರೋಗಿ:
ಮೇಡಂ, ನಿಮ್ಮ ಯಜಮಾನರ ಹಾಗೆ ನನಗೂ ಆರು ವರ್ಷದಿಂದ ಕೊಲೆಸ್ಟ್ರಾಲ್ ಜಾಸ್ತಿ. ನಾನೂ ಮೊದಲು ಸಿಗಡಿಯನ್ನೇ ಬೈದವನು. 100 ಗ್ರಾಂ ಸಿಗಡಿಯಲ್ಲಿ ಸುಮಾರು 190 ಮಿಲಿಗ್ರಾಂ ಕೊಲೆಸ್ಟ್ರಾಲ್ ಇರೋದು ನಿಜ. ಹಿಂದೆ ದಿನಕ್ಕೆ 300 ಮಿಲಿಗ್ರಾಂ ದಾಟಬಾರದು ಅನ್ನುತ್ತಿದ್ದರು. ಅಮೆರಿಕದ 2015–2020ರ ಆಹಾರ ಮಾರ್ಗಸೂಚಿಯಲ್ಲಿ ಆ ಅಂಕಿಯನ್ನೇ ಕೈಬಿಟ್ಟರು. ಹೆಚ್ಚಿನವರಲ್ಲಿ ಕೆಟ್ಟ ಕೊಲೆಸ್ಟ್ರಾಲನ್ನು ಜಾಸ್ತಿ ಏರಿಸುವುದು ಬೆಣ್ಣೆಯಂಥದ್ದರಲ್ಲಿರುವ ಸ್ಯಾಚುರೇಟೆಡ್ ಕೊಬ್ಬು. ಅದು ಸಿಗಡಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

1996ರಲ್ಲಿ ಒಂದು ಅಧ್ಯಯನ ಬಂತು. ಆರೋಗ್ಯವಾಗಿದ್ದವರಿಗೆ ದಿನಾ 300 ಗ್ರಾಂ ಸಿಗಡಿ ಕೊಟ್ಟು ನೋಡಿದರು. ಕೆಟ್ಟ ಕೊಲೆಸ್ಟ್ರಾಲ್ ಸುಮಾರು 7% ಏರಿತು, ಒಳ್ಳೆಯದು 12% ಏರಿತು, ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಇಳಿಯಿತು. ಇದನ್ನು ಓದಿ ನಾನು ಕುಣಿದಾಡಿದ್ದೆ. ಆಮೇಲೆ ಕಣ್ಣಿಗೆ ಬಿತ್ತು: ಅವರು ಕೊಟ್ಟಿದ್ದು ಆವಿಯಲ್ಲಿ ಬೇಯಿಸಿದ ಸಿಗಡಿ! ಕರಿದಿದ್ದರ ಕಥೆ ಬೇರೆ. 2019ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಅಮೆರಿಕದ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ್ದರು, ಎಲ್ಲರೂ 50 ದಾಟಿದವರು. ಕರಿದ ಮೀನು, ಸಿಗಡಿಯಂಥದ್ದನ್ನು ವಾರಕ್ಕೊಮ್ಮೆಯಾದರೂ ತಿನ್ನುವವರಲ್ಲಿ ಹೃದಯದ ಕಾಯಿಲೆಯಿಂದ ಸಾಯುವ ಅಪಾಯ 13% ಹೆಚ್ಚು ಕಂಡಿತು. ಕರಿದದ್ದರಿಂದಲೇ ಹಾಗಾಯ್ತು ಅಂತ ಇದು ಸಾಬೀತು ಮಾಡಲ್ಲ, ಆದರೂ ನನಗೆ ಅಷ್ಟು ಸಾಕಾಯ್ತು. ತಿಂಗಳಿಗೆರಡು ಸಲ ಕರಿದದ್ದು, ಅದೂ ಮನೆಯಲ್ಲಿ, ಹೊಸ ಎಣ್ಣೆಯಲ್ಲಿ. ಕಪ್ಪಗಾದ ಎಣ್ಣೆ ಮತ್ತೆ ಕಾಯಿಸಲ್ಲ. ವನಸ್ಪತಿ ಮುಟ್ಟಲ್ಲ. ಮಿಕ್ಕ ದಿನ ಆವಿಯಲ್ಲಿ ಬೇಯಿಸಿದ್ದು, ಇಲ್ಲವೇ ಕಾವಲಿ ಮೇಲೆ ಮಾಡಿದ್ದು. ತಿಂದ ಕೊಲೆಸ್ಟ್ರಾಲ್‌ಗೆ ಕೆಲವರ ಮೈ ಜಾಸ್ತಿ ಸ್ಪಂದಿಸುತ್ತದೆ. ನಿಮ್ಮ ಯಜಮಾನರು ಅಂಥವರಾ ಅಂತ ಡಾಕ್ಟರನ್ನೇ ಕೇಳಿ.

ಹೆಬ್ಬೆರಳು:
ಯಜಮಾನರ ಯೂರಿಕ್ ಆಸಿಡ್ ಕೂಡ ಒಮ್ಮೆ ನೋಡಿಸಿ ಮೇಡಂ. ನನಗೆ ಗೌಟ್ ಇದೆ, ಯೂರಿಕ್ ಆಸಿಡ್ ಜಾಸ್ತಿಯಾಗಿ ಕೀಲು ಊದಿ ನೋಯುವ ಕಾಯಿಲೆ. ಸಿಗಡಿ ಜೊತೆ ಬಿಯರ್ ಸೇರಿತೋ, ಮಾರನೇ ದಿನ ಕಾಲ್ಬೆರಳ ಮೇಲೆ ಹೊದಿಕೆ ತಾಗಿದರೂ ಜೀವ ಹೋಗುತ್ತೆ. ಕರಿದರೂ ಬೇಯಿಸಿದರೂ ಯೂರಿಕ್ ಆಸಿಡ್ ಏರಿಸುವ ಪ್ಯೂರಿನ್ ಪೂರ್ತಿ ಹೋಗಲ್ಲ.

ಏಡಿಪ್ರಿಯೆ:
ಎಲ್ಲರೂ ಹೆದರಿಸ್ತಾನೇ ಇದ್ದೀರಲ್ಲ! ಒಳ್ಳೆಯದನ್ನೂ ಹೇಳೋಣ. ಸತು, ಸೆಲೆನಿಯಮ್, ತಾಮ್ರ ಇವು ಖನಿಜಗಳು, ಕರಿದರೆ ಸುಟ್ಟುಹೋಗಲ್ಲ. ವಿಟಮಿನ್ ಬಿ12 ಕೂಡ ಬಹುಪಾಲು ತಡೆದುಕೊಳ್ಳುತ್ತೆ. ಕಪ್ಪೆಚಿಪ್ಪಿನಷ್ಟು ಬಿ12 ಇರುವ ಆಹಾರ ಅಪರೂಪ. ಇನ್ನೊಂದು ಬಗೆಯ ಚಿಪ್ಪಾದ ಆಯ್‌ಸ್ಟರ್‌ನಲ್ಲಿ ಸತು ತುಂಬಿ ತುಳುಕುತ್ತೆ. ಬೇಯಿಸಿ ನೀರು ಚೆಲ್ಲುವವರು ಒಂದಿಷ್ಟು ಸತ್ವವನ್ನು ಆ ನೀರಿನ ಜೊತೆಗೇ ಚೆಲ್ಲುತ್ತಾರೆ, ಅದು ಯಾರಿಗೂ ನೆನಪಿರಲ್ಲ. ಹೃದಯಕ್ಕೆ ಒಳ್ಳೆಯದು ಅನ್ನುವ ಒಮೆಗಾ-3 ಕೊಬ್ಬು ಮಾತ್ರ ಮೊದಲೇ ಸ್ವಲ್ಪ, ಅದರ ಮೇಲೆ ಅಷ್ಟು ಎಣ್ಣೆ ಬಿದ್ದರೆ ಲೆಕ್ಕಕ್ಕೇ ಸಿಗಲ್ಲ. ಇನ್ನೊಂದು ಮಾತು: ಹಿಟ್ಟು ಹಚ್ಚಿ ಫ್ರೀಜ್ ಮಾಡಿದ ಪ್ಯಾಕೆಟ್ ತರ್ತೀರಾದರೆ ಹಿಂಬದಿಯ ಸೋಡಿಯಂ ಅಂಕಿ ಓದಿ. ಉಪ್ಪು ಅಲ್ಲೇ ಅಡಗಿ ಕೂತಿರುತ್ತೆ.

ಇಬ್ಬರ ತಾಯಿ:
ವಿಷಯ ಸ್ವಲ್ಪ ಬೇರೆ, ಆದರೆ ಹೇಳದೇ ಇರಲಾರೆ. ನನ್ನ ಚಿಕ್ಕವನಿಗೆ ಸಿಗಡಿ ಅಲರ್ಜಿ. ಅವನಿಗೆ ಅಂತ ಆಲೂಗಡ್ಡೆ ಮಾತ್ರ ಕರಿದು ಕೊಟ್ಟಿದ್ದೆ. ಹತ್ತು ನಿಮಿಷದಲ್ಲಿ ತುಟಿ ಊದಿತು, ಕುತ್ತಿಗೆ ಮೇಲೆಲ್ಲ ದದ್ದು. ಯಾಕೆ ಅಂದರೆ ಅದೇ ಎಣ್ಣೆಯಲ್ಲಿ ಮೊದಲು ಸಿಗಡಿ ಕರಿದಿದ್ದೆ. ಅಲರ್ಜಿ ತರುವ ಟ್ರೋಪೋಮಯೋಸಿನ್ ಅನ್ನೋ ಪ್ರೋಟೀನ್ ಬಿಸಿಗೆ ಜಗ್ಗಲ್ಲವಂತೆ, ಆಸ್ಪತ್ರೆಯಲ್ಲಿ ಹೇಳಿದರು. ಈಗ ನಮ್ಮಲ್ಲಿ ಎರಡು ಬಾಣಲೆ, ಅವನದ್ದಕ್ಕೆ ಕೆಂಪು ದಾರ ಕಟ್ಟಿದ್ದೇನೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರ ಹತ್ತಿರ ಹೋಗಿ ಬಂದೆವು. ಸಿಗಡಿ ತಿನ್ನಬಹುದು, ಕರಿಯೋದು ಕಡಿಮೆ ಮಾಡಿ ಅಂದರು. ಜೊತೆಗೆ ಇನ್ನೇನೇನು ತಿಂತೀರಿ ಅಂತ ಕೇಳಿದಾಗ ಯಜಮಾನರ ದಿನಾ ಸಂಜೆಯ ಬೆಣ್ಣೆ ಬಿಸ್ಕತ್ತಿನ ಪ್ಯಾಕೆಟ್ ಕಥೆ ಹೊರಬಿತ್ತು! ನನಗೇ ಗೊತ್ತಿರಲಿಲ್ಲ. ಮೊನ್ನೆ ತಕ್ಕಡಿ ತಂದು ಬಾಣಲೆ ತೂಗಿದೆ: 55 ಗ್ರಾಂ ಕಡಿಮೆ. ಅತ್ತೆ ಕನ್ನಡಕ ಹಾಕಿಕೊಂಡು ಬಂದು ಅಂಕಿ ನೋಡಿದರು, ಏನೂ ಮಾತಾಡಲಿಲ್ಲ. ಊಟಕ್ಕೆ ಕೂತಾಗ ತಮ್ಮ ತಟ್ಟೆಯ ಸಿಗಡಿಯ ಮೇಲಿನ ಹಿಟ್ಟನ್ನು ಉಗುರಿನಲ್ಲಿ ಸುಲಿದು ಒಂದು ಕಡೆ ಇಟ್ಟುಕೊಂಡರು. ಕೊನೆಗೆ ಅದನ್ನೂ ತಿಂದರು.