1993ರ ಮಿಯಾಟಾ: ದಪ್ಪ ಸ್ವೇ ಬಾರ್, ಹೊಸ ಶಾಕ್ಸ್, ಯಾವುದು ಮೊದಲು?

ಕೆಂಪುರೋಡ್‌ಸ್ಟರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಗಾಡಿ 1993ರ ಮಾಜ್ಡಾ ಮಿಯಾಟಾ, ಮೊದಲ ತಲೆಮಾರಿನದು. 1.6 ಲೀಟರ್ ಎಂಜಿನ್, ಎಲ್‌ಎಸ್‌ಡಿ (ಒಂದೇ ಚಕ್ರ ಸುಮ್ಮನೆ ಸುತ್ತುವುದನ್ನು ತಡೆಯುವ ಬಗೆ) ಇಲ್ಲದ ಸಾದಾ ಡಿಫರೆನ್ಷಿಯಲ್, ಟೈರ್ 185/60 ಆರ್14. ಶಾಕ್ಸ್ (ಶಾಕ್ ಅಬ್ಸಾರ್ಬರ್), ಸ್ಪ್ರಿಂಗ್, ಬುಷ್ (ಕೀಲುಗಳಲ್ಲಿರುವ ರಬ್ಬರ್ ತುಂಡು) ಎಲ್ಲ ಕಂಪನಿಯಿಂದ ಬಂದವೇ. ಗಾಡಿ ಇರುವುದು ಮಿಶಿಗನ್‌ನಲ್ಲಿ, ಅಂದರೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಊರು, ಬೇಸಿಗೆ ಬರುವಷ್ಟರಲ್ಲಿ ರಸ್ತೆ ತುಂಬ ಗುಂಡಿ.

ತಿರುವಿನಲ್ಲಿ ತುಂಬಾ ವಾಲುತ್ತದೆ, ಸ್ಟೀರಿಂಗ್ ತಿರುಗಿಸಿದ ಮೇಲೆ ಗಾಡಿ ಒಂದು ಕ್ಷಣ ಯೋಚಿಸಿ ತಿರುಗಿದ ಹಾಗೆ ಅನ್ನಿಸುತ್ತದೆ. ಮುಂದೆ 22 ಮಿ.ಮೀ., ಹಿಂದೆ 14 ಮಿ.ಮೀ. ಸ್ವೇ ಬಾರ್ (ಎಡಬಲ ಚಕ್ರ ಜೋಡಿಸಿ ವಾಲುವುದನ್ನು ತಡೆಯುವ ಉಕ್ಕಿನ ಸರಳು) ಹಾಕಿ, ಜೊತೆಗೆ 30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕುವ ಯೋಚನೆ. ಹಳೇ ಶಾಕ್ಸ್ ಮೇಲೇ ಸ್ಪ್ರಿಂಗ್ ಕೂರಿಸಬಹುದಾ? ಬಾರ್ ಎರಡನ್ನೂ ಒಟ್ಟಿಗೆ ಬದಲಿಸಬೇಕಾ? ಕೆಲಸ ಮನೆಯ ಗ್ಯಾರೇಜಿನಲ್ಲೇ, ಲಿಫ್ಟ್ ಇಲ್ಲ.

ತಿರುವುದಾರಿ ಉತ್ತರಿಸಿದ್ದು:

ಹಳೇ ಶಾಕ್ಸ್ ಮೇಲೆ ತಗ್ಗಿಸುವ ಸ್ಪ್ರಿಂಗ್ ಖಂಡಿತ ಬೇಡ. ಈ ಗಾಡಿಯಲ್ಲಿ ಕೆಡುವುದೇ ಅಲ್ಲಿ.

ಮೊದಲ ಮಿಯಾಟಾದಲ್ಲಿ ಚಕ್ರ ಮೇಲೇರಲು ಇರುವ ಜಾಗವೇ ಕಡಿಮೆ. ಶಾಕ್‌ನ ಕಡ್ಡಿಯ ಮೇಲೆ ಇರುವ ಬಂಪ್ ಸ್ಟಾಪ್, ಅಂದರೆ ಕೊನೆಯ ಏಟು ತಡೆಯುವ ಸ್ಪಂಜು, ಬಹಳ ಬೇಗ ತಾಗುತ್ತದೆ. 30 ಮಿ.ಮೀ. ತಗ್ಗಿಸಿದರೆ ಉಳಿಯುವುದು ಬೆರಳೆಣಿಕೆಯ ಮಿಲಿಮೀಟರ್. ನೇರ ರಸ್ತೆಯಲ್ಲಿ ಇದು "ಗಟ್ಟಿ ಸಸ್ಪೆನ್ಷನ್" ಅನ್ನಿಸಬಹುದು, ಆದರೆ ತಿರುವಿನಲ್ಲಿ ಹೊರಗಿನ ಚಕ್ರ ಸ್ಟಾಪ್‌ಗೆ ಬಡಿದ ತಕ್ಷಣ ಆ ಮೂಲೆಯ ಬಿಗಿ ಒಮ್ಮೆಲೇ ಹಲವು ಪಟ್ಟು ಏರುತ್ತದೆ, ಭಾರವೆಲ್ಲ ಆ ಒಂದು ಟೈರಿನ ಮೇಲೆ ಬೀಳುತ್ತದೆ, ಟೈರ್ ಹಿಡಿತ ಬಿಡುತ್ತದೆ. ಹಿಂದಿನ ಚಕ್ರದಲ್ಲಿ ಹೀಗಾದರೆ ಮುನ್ಸೂಚನೆ ಇಲ್ಲದೆ ಹಿಂಭಾಗ ಜಾರುತ್ತದೆ. ಒದ್ದೆ ರಸ್ತೆ, ನಡುವೆ ಒಂದು ಉಬ್ಬು, ಅಷ್ಟು ಸಾಕು.

ಇನ್ನೊಂದು ವಿಷಯ. ಮೂವತ್ತು ವರ್ಷದ ಶಾಕ್‌ನ ಬಂಪ್ ಸ್ಟಾಪ್ ಈಗ ಸ್ಪಂಜಿನ ಪುಡಿಯಾಗಿರುತ್ತದೆ. ಧೂಳು ತಡೆಯುವ ಕವಚ ಮೇಲೆತ್ತಿ ನೋಡಿ, ಹಳದಿ ಚೂರು ಉದುರಿದರೆ ಅದೇ. "ಒಂದು ಕ್ಷಣ ಯೋಚಿಸಿ ತಿರುಗುತ್ತದೆ" ಅಂದಿರಲ್ಲ, ಅದು ಬಾರ್ ಸಣ್ಣದಾಗಿರುವ ಲಕ್ಷಣ ಅಲ್ಲ. ಶಾಕ್ ಸತ್ತಿರುವುದು, ಕಂಟ್ರೋಲ್ ಆರ್ಮ್ (ಚಕ್ರವನ್ನು ಗಾಡಿಗೆ ಜೋಡಿಸುವ ತೋಳು) ಬುಷ್ ಸಡಿಲವಾಗಿರುವುದು, ಟೋ (ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ತಪ್ಪಿರುವುದು, ಈ ಮೂರರ ಲಕ್ಷಣ. ಬಾರ್ ದಪ್ಪ ಮಾಡಿದರೆ ವಾಲುವುದು ಕಡಿಮೆಯಾಗುತ್ತದೆ, ಆ ಮಂಕು ಹಾಗೇ ಉಳಿಯುತ್ತದೆ.

ನನ್ನ ಪ್ರಕಾರ ಮೊದಲು ಟೈರ್ ಎಷ್ಟು ಹಳೆಯದು ನೋಡಿ. ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಆಮೇಲೆ ಬುಷ್, ಬಾಲ್ ಜಾಯಿಂಟ್. ಅವು ಸರಿ ಇದ್ದರೆ ಶಾಕ್ಸ್, ಬಂಪ್ ಸ್ಟಾಪ್, ಮೇಲಿನ ಮೌಂಟ್ (ಶಾಕ್‌ನ ತಲೆಯನ್ನು ಗಾಡಿಗೆ ಕೂರಿಸುವ ಭಾಗ) ಒಟ್ಟಿಗೆ. ಎರಡನೇ ತಲೆಮಾರಿನ, ಅಂದರೆ 1999ರಿಂದ 2005ರ ಮಾದರಿಯ ಮೇಲಿನ ಮೌಂಟ್ ನಿಮ್ಮ ಗಾಡಿಗೂ ಕೂರುತ್ತದೆ, ಚಕ್ರದ ಚಲನೆಗೆ ಜಾಗವೂ ಹೆಚ್ಚು ಕೊಡುತ್ತದೆ. ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆ ಬದಲಾವಣೆ ಈ ಗಾಡಿಗೆ ಇಲ್ಲ. ಶಾಕ್‌ನ ಕಡ್ಡಿಯ ಥ್ರೆಡ್‌ಗೆ ಹೊಂದುವ ವಾಷರ್, ಬುಷ್ ಬೇಕಾಗುತ್ತವೆ, ಮೌಂಟ್ ಮಾರುವವರಿಂದಲೇ ಸೆಟ್ ಆಗಿ ತಗೊಳ್ಳಿ.

ಸ್ಪ್ರಿಂಗ್ ಹಾಕಲೇಬೇಕೆಂದರೆ ಎತ್ತರವನ್ನು ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆಯಿರಿ. ಮುಂದೆ 330 ಮಿ.ಮೀ., ಹಿಂದೆ ಅದಕ್ಕಿಂತ 6ರಿಂದ 12 ಮಿ.ಮೀ. ಹೆಚ್ಚು. ರಸ್ತೆ ಗಾಡಿಗೆ ಅದರ ಕೆಳಗೆ ಹೋಗಬೇಡಿ. ಸ್ಪ್ರಿಂಗ್‌ನ ಬಿಗಿ ಮುಂದೆ 5ರಿಂದ 6 ಕೆ.ಜಿ./ಮಿ.ಮೀ., ಹಿಂದೆ 3.5ರಿಂದ 4 ಇದ್ದರೆ ಗುಂಡಿ ರಸ್ತೆಯಲ್ಲೂ ಓಡಿಸಬಹುದು. ಸ್ಪ್ರಿಂಗ್ ಒಂದೂವರೆ ಪಟ್ಟು ಬಿಗಿಯಾದರೆ ಶಾಕ್‌ನ ಹಿಡಿತ ಅದರ ವರ್ಗಮೂಲದಷ್ಟು, ಅಂದರೆ ಸುಮಾರು ಶೇ. 22 ಹೆಚ್ಚಬೇಕು. ರೀಬೌಂಡ್ (ಕುಗ್ಗಿದ ಶಾಕ್ ಮತ್ತೆ ಚಾಚುವಾಗಿನ ತಡೆ) ತಿರುಗಿಸಿ ಹೊಂದಿಸುವ ಶಾಕ್ ಬೇಕೆನ್ನುವುದು ಇದಕ್ಕೇ.

ಬೋಲ್ಟುನಟ್ಟು ಉತ್ತರಿಸಿದ್ದು:

ಮೇಲಿನವರು ಹೇಳಿದ್ದು ಸರಿ. ನಾನು ಬಾರ್ ವಿಷಯ ಮಾತ್ರ ಹೇಳ್ತೀನಿ.

ಬಾರ್‌ನ ಬಿಗಿ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತೆ. ನಿಮ್ಮ ಗಾಡೀಲಿ ಮುಂದೆ ಇರೋದು 19 ಮಿ.ಮೀ., ಹಿಂದೆ 12. ಹತ್ತೊಂಬತ್ತರಿಂದ 22ಕ್ಕೆ ಹೋದ್ರೆ 1.8 ಪಟ್ಟು, ಹನ್ನೆರಡರಿಂದ 14ಕ್ಕೆ ಹೋದ್ರೆ 1.85 ಪಟ್ಟು. "ಬರೀ ಮೂರು ಮಿಲಿಮೀಟರ್ ತಾನೆ" ಅನ್ಕೊಂಡು ಕ್ಯಾಟಲಾಗ್ ನೋಡಬೇಡಿ. ಕೊಳವೆ ಬಾರ್ ಆದ್ರೆ ಹೊರವ್ಯಾಸದ ನಾಲ್ಕನೇ ಘಾತದಿಂದ ಒಳವ್ಯಾಸದ್ದನ್ನ ಕಳೀಬೇಕು. 25.4 ಮಿ.ಮೀ. ಕೊಳವೆ, ಗೋಡೆ 3 ಮಿ.ಮೀ. ಇದ್ರೆ ಗಟ್ಟಿ 22ಕ್ಕಿಂತ ಶೇ. 17 ಬಿಗಿ, ತೂಕ ಮಾತ್ರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಗೋಡೆ ದಪ್ಪ ಕೇಳದೆ ಕೊಳವೆ ಬಾರ್ ಕೊಳ್ಳಬೇಡಿ.

ಹಿಂದಿನ ಬಾರ್ ಈಗ ಬೇಡ. ಮುಂದಿನದನ್ನ ಮಾತ್ರ ಹಾಕಿ. ಕಾರಣ ನಿಮ್ಮ ಸಾದಾ ಡಿಫರೆನ್ಷಿಯಲ್. ಸ್ವೇ ಬಾರ್ ತಿರುವಿನಲ್ಲಿ ಒಳಗಿನ ಚಕ್ರವನ್ನ ಮೇಲಕ್ಕೆ ಎಳೆಯುತ್ತೆ. ಹಿಂದೆ ದಪ್ಪ ಬಾರ್ ಇದ್ರೆ ಒಳಗಿನ ಹಿಂದಿನ ಟೈರ್ ಹಗುರಾಗಿ ಆಕ್ಸಿಲರೇಟರ್ ಒತ್ತಿದ ಕೂಡ್ಲೆ ಸುಮ್ಮನೆ ಸುತ್ತುತ್ತೆ, ಹೊರಗಿನ ಚಕ್ರಕ್ಕೆ ಬಲ ಹೋಗಲ್ಲ. ವಾಲೋದನ್ನ ಮುಂದಿನ ಬಾರ್ ತಡೆದ್ರೆ ಹಿಂದಿನ ಎರಡೂ ಟೈರ್ ನೆಲ ಹಿಡ್ಕೊಂಡೇ ಇರುತ್ವೆ. 1994ರ ಮೇಲಿನ 1.8 ಗಾಡೀಲಿ ಟಾರ್ಸೆನ್ (ಗೇರ್ ಬಗೆಯ ಎಲ್‌ಎಸ್‌ಡಿ) ಇರೋರಿಗೆ ಈ ಲೆಕ್ಕ ಸ್ವಲ್ಪ ಬೇರೆ, ಆದ್ರೆ ಟಾರ್ಸೆನ್ ಕೂಡ ಪೂರ್ತಿ ಗಾಳೀಲಿರೋ ಚಕ್ರದ ಮುಂದೆ ಕೈಚೆಲ್ಲುತ್ತೆ.

ಮುಂದೆ ಬಿಗಿ ಮಾಡಿದ್ರೆ ಮೂತಿ ಹೊರಗೆ ಜಾರುತ್ತೆ ಅಂತ ಪುಸ್ತಕದ ಲೆಕ್ಕ. ಮಿಯಾಟಾದಲ್ಲಿ ಅಷ್ಟು ಕಾಣಲ್ಲ, ಯಾಕಂದ್ರೆ ವಾಲೋದು ಕಡಿಮೆಯಾದ್ರೆ ಹೊರಗಿನ ಮುಂದಿನ ಟೈರ್ ನೆಟ್ಟಗೆ ನಿಂತು ಪೂರ್ತಿ ಅಗಲ ಬಳಸ್ಕೊಳ್ಳುತ್ತೆ. ಆಮೇಲೂ ಮೂತಿ ಜಾರಿದ್ರೆ ಮೊದಲು ಅಲೈನ್‌ಮೆಂಟ್ (ಚಕ್ರಗಳ ಕೋನ) ಸರಿಮಾಡಿ, ಕೊನೆಗೆ 14ರ ಹಿಂದಿನ ಬಾರ್ ಅತಿ ಮೆದು ತೂತಿನಲ್ಲಿ.

ತೂತು ಅಂದ ಮೇಲೆ ಹೇಳಿಬಿಡ್ತೀನಿ. ಬಾರ್ ತುದಿಗೆ ಹತ್ತಿರದ ತೂತು ಮೆದು, ಬಾಗಿನ ಕಡೆಗಿನ ತೂತು ಬಿಗಿ. ಎಡಬಲ ಒಂದೇ ತೂತಿನಲ್ಲಿರಲಿ.

28 ಮಿ.ಮೀ. ಆಸುಪಾಸಿನ ರೇಸ್ ಕೊಳವೆ ಬಾರ್ ಆಸೆ ಬಿಡಿ. ಕಂಪನಿಯ ತೆಳು ತಗಡಿನ ಬ್ರಾಕೆಟ್ ಅದಕ್ಕೆ ತಡೆಯಲ್ಲ, ಬಾಗುತ್ತೆ ಇಲ್ಲ ಸೀಳುತ್ತೆ. ಅದಕ್ಕೆ ಬೇರೆ ಗಟ್ಟಿ ಬ್ಲಾಕ್ ಬೇಕು. ಮತ್ತೆ ಸ್ವೇ ಬಾರ್ ಎರಡೂ ಚಕ್ರ ಒಟ್ಟಿಗೆ ಏರಿದಾಗ ಕೆಲಸ ಮಾಡಲ್ಲ, ಒಂದೇ ಚಕ್ರ ಗುಂಡಿಗೆ ಬಿದ್ದಾಗ ಮಾಡುತ್ತೆ, ಆ ಏಟನ್ನ ಇನ್ನೊಂದು ಚಕ್ರಕ್ಕೂ ದಾಟಿಸುತ್ತೆ. ನಿಮ್ಮ ಮಿಶಿಗನ್ ರಸ್ತೆಗೆ 22 ಸಾಕೇ ಸಾಕು.

ಕೆಂಪುರೋಡ್‌ಸ್ಟರ್ ಕೇಳಿದ್ದು:

ಇಬ್ಬರಿಗೂ ಧನ್ಯವಾದ. ಹಾಗಾದರೆ ತಗ್ಗಿಸುವ ಸ್ಪ್ರಿಂಗ್, ಹಿಂದಿನ ಬಾರ್ ಸದ್ಯಕ್ಕೆ ಬಿಟ್ಟೆ. ಶಾಕ್ಸ್, ಬಂಪ್ ಸ್ಟಾಪ್, ಎರಡನೇ ತಲೆಮಾರಿನ ಮೌಂಟ್, ಮುಂದಿನ 22ರ ಬಾರ್. ಬಿಚ್ಚುವ ಕ್ರಮ, ತುಕ್ಕು ಹಿಡಿದ ಬೋಲ್ಟ್‌ಗೆ ಏನು ಮಾಡಬೇಕು, ಇಷ್ಟು ತಿಳಿಸಿ.

ಗ್ಯಾರೇಜ್‌ಗೆಳೆಯ ಉತ್ತರಿಸಿದ್ದು:

ಕೆಲಸಕ್ಕೆ ಮೂರು ದಿನ ಮುಂಚೆಯೇ ಎಲ್ಲ ಬೋಲ್ಟ್‌ಗೂ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ದಿನಕ್ಕೊಂದು ಸಲ. ನಿಜವಾದ ತಲೆನೋವು ಶಾಕ್ ಬೋಲ್ಟ್ ಅಲ್ಲ, ಕೆಳಗಿನ ಕಂಟ್ರೋಲ್ ಆರ್ಮ್‌ನ ಅಲೈನ್‌ಮೆಂಟ್ ಬೋಲ್ಟ್. ಚಕ್ರಕ್ಕೆ ಎರಡರಂತೆ ಎಂಟು. ಇವು ಬುಷ್ ಒಳಗಿನ ಉಕ್ಕಿನ ಕೊಳವೆಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ. ನಟ್ಟು ಸಡಿಲಿಸಿ ಬೋಲ್ಟ್ ತಲೆ ತಿರುಗಿಸಿ ನೋಡಿ. ಒಳಗಿನ ಕೊಳವೆಯೂ ಜೊತೆಗೆ ತಿರುಗಿ ರಬ್ಬರ್ ಹಿಂಡಿಕೊಂಡರೆ ಅದು ಅಂಟಿದೆ ಎಂದೇ ಅರ್ಥ, ಬಲ ಹಾಕಿ ರಬ್ಬರ್ ಹರಿಯಬೇಡಿ. ಬೆಂಕಿಯನ್ನೂ ಹಿಡಿಯಬೇಡಿ, ರಬ್ಬರ್ ಹೊತ್ತಿಕೊಳ್ಳುತ್ತದೆ. ಬೋಲ್ಟನ್ನು ಬುಷ್‌ನ ಎರಡು ಬದಿಯಲ್ಲಿ ಗರಗಸದಿಂದ ಕತ್ತರಿಸಿ ಹೊಸ ಬೋಲ್ಟ್, ಹೊಸ ಬುಷ್ ಹಾಕುವುದೊಂದೇ ದಾರಿ. ಅಲೈನ್‌ಮೆಂಟ್ ಅಂಗಡಿಗೆ ಹೋದ ಮೇಲೆ ಇದು ಗೊತ್ತಾದರೆ ಅವರು ಗಾಡಿ ವಾಪಸ್ ಕಳಿಸುತ್ತಾರೆ. ಹಾಗಾಗಿ ಇದನ್ನೇ ಮೊದಲು ಪರೀಕ್ಷಿಸಿ. ಹೊಸ ಬೋಲ್ಟ್‌ಗೆ ಆಂಟಿ-ಸೀಜ್ (ತುಕ್ಕಿನಿಂದ ಅಂಟದಂತೆ ತಡೆಯುವ ಲೇಪ) ಹಚ್ಚಿಯೇ ಹಾಕಿ.

ಜಾಕ್ ಮುಂದೆ ಸಬ್‌ಫ್ರೇಮ್‌ನ ನಡುವೆ, ಹಿಂದೆ ಡಿಫರೆನ್ಷಿಯಲ್ ಕೆಳಗೆ. ಸ್ಟ್ಯಾಂಡ್ ಪಕ್ಕದ ಅಂಚಿನಡಿ. ಉಪ್ಪಿನ ಊರಿನ ಗಾಡಿಯಾದ್ದರಿಂದ ಹಿಂದಿನ ಚಕ್ರದ ಮುಂಭಾಗದ ಸಿಲ್ (ಬಾಗಿಲ ಕೆಳಗಿನ ಅಂಚು) ಅನ್ನು ಸ್ಕ್ರೂಡ್ರೈವರಿನಿಂದ ತಟ್ಟಿ ನೋಡಿ, ಚುಚ್ಚಿದರೆ ಒಳಗೆ ಹೋಗುವಷ್ಟು ಮೆತ್ತಗಿದ್ದರೆ ಅಲ್ಲಿ ಸ್ಟ್ಯಾಂಡ್ ಇಡುವಂತೆಯೇ ಇಲ್ಲ. ಮೊದಲು ವೆಲ್ಡಿಂಗ್ ಕೆಲಸ.

ಮುಂದಿನ ಶಾಕ್ ತೆಗೆಯುವಾಗ ಎರಡೂ ಚಕ್ರ ಗಾಳಿಯಲ್ಲಿರಲಿ. ಒಂದೇ ಚಕ್ರ ಎತ್ತಿದರೆ ಬಾರ್ ತಿರುಚಿಕೊಂಡು ಲಿಂಕ್ (ಬಾರ್ ತುದಿಯನ್ನು ಕಂಟ್ರೋಲ್ ಆರ್ಮ್‌ಗೆ ಜೋಡಿಸುವ ಕಡ್ಡಿ) ಬೋಲ್ಟ್ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲು ಲಿಂಕ್, ಆಮೇಲೆ ಶಾಕ್‌ನ ಕೆಳಗಿನ ಬೋಲ್ಟ್, ಬಾನೆಟ್ ಒಳಗಿರುವ ಮೇಲಿನ ಎರಡು ನಟ್ಟು. ಶಾಕ್ ಹೊರಗೆ ಬರಲು ಜಾಗ ಸಾಲುವುದಿಲ್ಲ, ಮೇಲಿನ ಕಂಟ್ರೋಲ್ ಆರ್ಮ್‌ನ ಉದ್ದ ಬೋಲ್ಟ್ ಎಳೆದರೆ ಹಬ್ ಹೊರಕ್ಕೆ ವಾಲುತ್ತದೆ. ವಾಲುವ ಮುಂಚೆ ಹಬ್‌ಗೆ ತಂತಿ ಕಟ್ಟಿಬಿಡಿ, ಇಲ್ಲದಿದ್ದರೆ ಅಷ್ಟು ಭಾರವೂ ಬ್ರೇಕ್ ಹೋಸ್ ಮೇಲೆ ಜೋತು ಬೀಳುತ್ತದೆ. ಹಿಂದಿನ ಶಾಕ್‌ನ ಮೇಲಿನ ನಟ್ಟುಗಳು ಡಿಕ್ಕಿಯಲ್ಲಿವೆ. ಬಲಗಡೆ ಬ್ಯಾಟರಿ ಅಡ್ಡ, ಅದನ್ನು ತೆಗೆದಿಡಿ. ಎಡಗಡೆ ಪೆಟ್ರೋಲ್ ಕೊಳವೆ ಮುಚ್ಚುವ ಹಲಗೆ ಬಿಚ್ಚಬೇಕು.

ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಶಾಕ್‌ನ ತುದಿಯ ನಟ್ಟು ಮುಟ್ಟಲೇಬೇಡಿ. ಸ್ಪ್ರಿಂಗ್ ಒತ್ತಡದಲ್ಲಿ ಕೂತಿರುತ್ತದೆ, ನಟ್ಟು ಬಿಟ್ಟರೆ ಮೌಂಟ್ ಮುಖಕ್ಕೇ ಹಾರುತ್ತದೆ. ಕಂಪ್ರೆಸರ್‌ನ ಎರಡು ಕೊಕ್ಕೆ ಎದುರುಬದುರು ಇರಲಿ, ಎರಡನ್ನೂ ಸ್ವಲ್ಪ ಸ್ವಲ್ಪವೇ ಸಮವಾಗಿ ಬಿಗಿಯಿರಿ. ಸ್ಪ್ರಿಂಗ್ ಕೂತ ಬಟ್ಟಲಿನಲ್ಲಿ ಸಡಿಲವಾಗಿ ಅಲ್ಲಾಡಿದ ಮೇಲಷ್ಟೇ ನಟ್ಟಿಗೆ ಪಾನಾ ಹಾಕಿ.

ಬಾರ್ ಹಾಕುವಾಗ ಕೆಳಗಿನ ಪ್ಲಾಸ್ಟಿಕ್ ಹಾಳೆ ತೆಗೆಯಬೇಕು, ಅದರ ಕ್ಲಿಪ್ ಮುರಿಯುವುದು ಖಚಿತ, ಒಂದು ಹತ್ತು ಹೊಸದು ತರಿಸಿಡಿ. 19ರ ಬುಷ್ 22ಕ್ಕೆ ಆಗುವುದಿಲ್ಲ, ಬಾರ್ ಜೊತೆ ಬಂದ ಬುಷ್ ಒಳಗೆ ಸಿಲಿಕೋನ್ ಗ್ರೀಸ್ ಧಾರಾಳ ಹಚ್ಚಿ. ಬ್ರಾಕೆಟ್ ಬಿಗಿದು, ಲಿಂಕ್ ಜೋಡಿಸುವ ಮುಂಚೆ ಬಾರ್ ಅನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ. ತಿರುಗಬೇಕು. ಹಿಡಿದುಕೊಂಡರೆ ಬುಷ್ ಕೂರುವ ಕಡೆ ಪೇಂಟ್ ದಪ್ಪವಾಗಿದೆ, ಉಜ್ಜಿ ತೆಗೆಯಿರಿ. ಹಾಗೇ ಬಿಟ್ಟರೆ ಬಾರ್ ಲೆಕ್ಕಕ್ಕಿಲ್ಲದ ಸ್ಪ್ರಿಂಗ್ ಆಗಿ, ಗಾಡಿ ಕಿರುಗುಟ್ಟುತ್ತದೆ. ಬಾರ್ ಅಡ್ಡಕ್ಕೆ ಸರಿಯದಂತೆ ಬುಷ್‌ನ ಪಕ್ಕ ಲಾಕ್ ಕಾಲರ್ ಹಾಕಿ.

ಲಿಂಕ್‌ನ ಕೊನೆಯ ಬಿಗಿ ಗಾಡಿ ತನ್ನ ಭಾರದಲ್ಲಿ ಚಕ್ರದ ಮೇಲೆ ನಿಂತಾಗ ಮಾತ್ರ. ನಾಲ್ಕು ಚಕ್ರಕ್ಕೂ ಒಂದೇ ಎತ್ತರದ ಮರದ ದಿಮ್ಮಿ ಕೊಟ್ಟು ಇಳಿಸಿ. ಒಂದು ಬದಿ ಲಿಂಕ್ ಬಿಗಿದು, ಇನ್ನೊಂದು ಬದಿಯ ಬೋಲ್ಟ್ ಕೈಯಿಂದಲೇ ತೂತಿಗೆ ಜಾರಬೇಕು. ಸುತ್ತಿಗೆ ಬೇಕಾದರೆ ಬಾರ್ ಆಗಲೇ ತಿರುಚಿಕೊಂಡಿದೆ, ಹೊಂದಿಸುವ ಲಿಂಕ್ ಇದ್ದರೆ ಉದ್ದ ಸರಿಮಾಡಿ. ಇಲ್ಲದಿದ್ದರೆ ಎಡ ತಿರುವಿಗೊಂದು ಗಾಡಿ, ಬಲ ತಿರುವಿಗೊಂದು ಗಾಡಿ. ಸ್ಟೀರಿಂಗ್ ಎರಡೂ ತುದಿಗೆ ತಿರುಗಿಸಿ ಲಿಂಕ್ ಟೈರಿಗಾಗಲಿ ಟೈ ರಾಡ್‌ಗಾಗಲಿ ತಾಗದೇ ಇದೆಯಾ ನೋಡಿ.

ಕಂಟ್ರೋಲ್ ಆರ್ಮ್ ಬೋಲ್ಟ್‌ಗೂ ಇದೇ ನಿಯಮ. ರಬ್ಬರ್ ಬುಷ್ ಒಳಗಿನ ಕೊಳವೆಗೆ ಅಂಟಿದ್ದು, ಜಾರುವುದಿಲ್ಲ, ತಿರುಚುತ್ತದೆ. ಚಕ್ರ ಜೋತುಬಿದ್ದಾಗ ಬಿಗಿದರೆ ಗಾಡಿ ಇಳಿದ ಮೇಲೆ ಬುಷ್ ಸದಾ ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತದೆ, ಎತ್ತರವೂ ಸುಳ್ಳು ತೋರಿಸುತ್ತದೆ. ಪಾಲಿಯುರೆಥೇನ್ ಬುಷ್ ಆದರೆ ಸುತ್ತುವ ಬಗೆ, ಈ ತೊಂದರೆ ಇಲ್ಲ, ಬದಲಿಗೆ ಗ್ರೀಸ್ ಒಣಗುತ್ತದೆ. ಚಕ್ರದ ನಟ್ಟು 88ರಿಂದ 118 ನ್ಯೂಟನ್ ಮೀಟರ್, ಉಳಿದವು ವರ್ಕ್‌ಶಾಪ್ ಮ್ಯಾನ್ಯುಯಲ್ ಹೇಳಿದಷ್ಟು.

ತಿರುವುದಾರಿ ಉತ್ತರಿಸಿದ್ದು:

ಅಲೈನ್‌ಮೆಂಟ್ ಅಂಕಿ ಬರೆದಿಟ್ಟುಕೊಳ್ಳಿ, ಅಂಗಡಿಯವರಿಗೆ ಚೀಟಿ ಕೊಡಿ. ಮುಂದೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಓರೆ) ಮೈನಸ್ 1 ಡಿಗ್ರಿ, ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷದ ಓರೆ) 5 ಡಿಗ್ರಿ ಹತ್ತಿರ, ಟೋ ಸೊನ್ನೆಯಿಂದ ಒಟ್ಟು 1.5 ಮಿ.ಮೀ. ಒಳಕ್ಕೆ. ಹಿಂದೆ ಕ್ಯಾಂಬರ್ ಮೈನಸ್ 1.5, ಟೋ ಒಟ್ಟು 1.5 ಮಿ.ಮೀ. ಒಳಕ್ಕೆ. ಹಿಂದಿನ ಟೋ ಹೊರಕ್ಕೆ ಇರಲೇಬಾರದು, ಆಕ್ಸಿಲರೇಟರ್ ಬಿಟ್ಟ ಕೂಡಲೇ ಬಾಲ ಅಲ್ಲಾಡುತ್ತದೆ. ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟೇ ಭಾರ ಇಟ್ಟು ಮಾಡಿಸಿ. ಗಾಡಿಯೇ ಸುಮಾರು ಸಾವಿರ ಕೆ.ಜಿ.ಯದು, 75 ಕೆ.ಜಿ. ಮನುಷ್ಯ ಕೂತರೆ ಅಂಕಿ ಬದಲಾಗುತ್ತದೆ.

ಟೈರ್ ಗಾಳಿ 26 ಪಿಎಸ್‌ಐನಿಂದ ಶುರುಮಾಡಿ. ಬಾರ್ ಮೆದು ತೂತಿನಲ್ಲಿ, ಶಾಕ್ ಅತಿ ಮೆದುವಿನಿಂದ ಅರ್ಧ ಸುತ್ತು. ಅದೇ ತಿರುವು, ಅದೇ ವೇಗ, ಒಂದು ಸಲಕ್ಕೆ ಒಂದೇ ಬದಲಾವಣೆ. ಉಬ್ಬು ದಾಟಿದ ಮೇಲೆ ಗಾಡಿ ಎರಡನೇ ಸಲ ತೇಲಿದರೆ ರೀಬೌಂಡ್ ಕಾಲು ಸುತ್ತು ಹೆಚ್ಚಿಸಿ. ಸಾಲು ಉಬ್ಬಿನಲ್ಲಿ ಗಾಡಿ ಕೆಳಕ್ಕೆ ಕುಗ್ಗುತ್ತಾ ಹೋಗಿ ಹಾರತೊಡಗಿದರೆ ಅದು ಹೆಚ್ಚಾಗಿದೆ, ಚಕ್ರ ಇಳಿಯಲು ಸಮಯ ಸಿಗುತ್ತಿಲ್ಲ.

ಬೋಲ್ಟುನಟ್ಟು ಉತ್ತರಿಸಿದ್ದು:

ಒಂದು ಸೇರಿಸ್ತೀನಿ. ಇನ್ನೂರು ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಲಿಂಕ್ ನಟ್ಟು, ಬ್ರಾಕೆಟ್ ಬೋಲ್ಟ್ ಮತ್ತೆ ಟಾರ್ಕ್ ವ್ರೆಂಚ್ ಹಾಕಿ ನೋಡಿ. ನಿಧಾನವಾಗಿ ಹೋಗುವಾಗ ಮುಂದೆ "ಟಕ್ ಟಕ್" ಅಂದ್ರೆ ಹತ್ತರಲ್ಲಿ ಒಂಬತ್ತು ಸಲ ಲಿಂಕ್ ನಟ್ಟೇ ಸಡಿಲ.